ಉಸಿರೆಳೆದಾಗ ಬರುವ ಸ್ವರ

‘ಸೋಲ್’ ಎಂಬ ಅಮೆರಿಕನ್ ಶೈಲಿಯ ಸಂಗೀತದ ನಮ್ಮ ಬ್ಯಾಂಡಿನಲ್ಲಿ ನಾನು ಹಾಡುತ್ತಿದ್ದೆ, ನನ್ನ ತಮ್ಮ ಮೌತ್ ಆರ್ಗನ್ ನುಡಿಸುತ್ತಿದ್ದ, ಗಂಡ ಡ್ರಮ್ಸ್ ಬಾರಿಸುತ್ತಿದ್ದ. ಒಂದು ಮಧ್ಯಾಹ್ನ ತಾಲೀಮಿನಲ್ಲಿ ತಮ್ಮ ನನ್ನ ಬಾತ ಕೆನ್ನೆ ನೋಡಿದ. “ಭಾವ, ಅಕ್ಕಂಗೆ ಹೊಡೆಯುವಾಗ ಮಾತ್ರ ನಿಮ್ಮ ತಾಳ ತಪ್ಪಲ್ಲ ನೋಡಿ” ಎಂದವನೇ ಮೌತ್ ಆರ್ಗನ್ ತುಟಿಗಿಟ್ಟ.

ಗಂಡನ ಮುಷ್ಟಿ ಅದನ್ನು ಗಂಟಲಿನವರೆಗೆ ನುಗ್ಗಿಸಿತು. ಹಲ್ಲುಗಳು ಮೈಕಿನ ಬುಡದಲ್ಲಿ ಚೆಲ್ಲಿದವು. ತಮ್ಮ ಕೊನೆಯ ಉಸಿರೆಳೆದಾಗ ಒಂದೇ ಒಂದು ಸ್ವರ ನುಡಿಯಿತು.

ತಮ್ಮ ಎಡವಿ ಬಿದ್ದು ಸತ್ತನೆಂದು ಗಂಡ ಎಲ್ಲರನ್ನೂ ನಂಬಿಸಿದ. ಅಂದಿನಿಂದ ಗಂಡ ಉಸಿರೆಳೆದಾಗಲೆಲ್ಲ ಅವನ ಎದೆಯೊಳಗೆ ಅದೇ ಸ್ವರ ಕೇಳುತ್ತದೆ. “ನಿಲ್ಸೇ ಅದನ್ನ!” ಎಂದು ನನ್ನ ಮೇಲೆ ಕೈಯೆತ್ತುತ್ತಾನೆ, ಏದುಸಿರು ಬಂದಷ್ಟೂ ಸ್ವರ ಜೋರಾಗುತ್ತದೆ.

ಅವನ ಎದೆಯ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನಿನ್ನೆ ತಮ್ಮನ ಮೌತ್ ಆರ್ಗನ್ ಬಿಚ್ಚಿ ನೋಡಿದೆ. ಆ ಸ್ವರ ನುಡಿಯುವ ಪುಟ್ಟ ಹಿತ್ತಾಳೆ ಪಟ್ಟಿ ಅದರಲ್ಲಿ ಇಲ್ಲ.