ಇಪ್ಪತ್ತೊಂದನೇ ಪುಟದ ಗುರುತು

"ಅಯ್ಯೋ, ಇಲ್ಲೂ ಗೀಚಿದ್ದಾರೆ!"

ಚೊಕ್ಕಿ ರಬ್ಬರ್ ಕೈಗೆತ್ತಿಕೊಂಡಳು. ಇಪ್ಪತ್ತೊಂದನೇ ಪುಟದ ಕೆಳಮೂಲೆಯಲ್ಲಿ ಪೆನ್ಸಿಲ್ಲಿನ ಪುಟ್ಟ ರೈಟ್ ಮಾರ್ಕ್ ಇತ್ತು. ಎರಡು ಸಲ ಉಜ್ಜಿ, ಪುಡಿಯನ್ನು ಉಫ್ ಎಂದು ಊದಿದಳು. ಮಾರ್ಕ್ ಮಾಯ.

ರಜೆಯಲ್ಲಿ ಲೈಬ್ರರಿಗೆ ಸಹಾಯ ಮಾಡಲು ಶಾಲೆಯಿಂದ ಆರು ಮಕ್ಕಳು ಬಂದಿದ್ದರು. ಐವರು ಧೂಳು ಹೊಡೆದದ್ದಕ್ಕಿಂತ ಒಬ್ಬರನ್ನೊಬ್ಬರು ಹೊಡೆದುಕೊಂಡದ್ದೇ ಹೆಚ್ಚು. ಚೊಕ್ಕಿ ಹಾಗಲ್ಲ. ಎಲ್ಲವೂ ಚೊಕ್ಕವಾಗಿರಬೇಕು ಎಂದು ಮನೆಯವರ ಜೀವ ತಿನ್ನುತ್ತಿದ್ದುದರಿಂದಲೇ ಅವಳಿಗೆ ಆ ಹೆಸರು ಬಿದ್ದದ್ದು. "ಪುಸ್ತಕದಲ್ಲಿ ಗೀಚಿದ್ರೆ ಅಳಿಸಿಬಿಡಿ" ಎಂದು ಲೈಬ್ರರಿ ಮೇಡಂ ಹೇಳಿದ್ದೇ ತಡ, ದೊಡ್ಡಕ್ಷರದ ಪುಸ್ತಕಗಳ ಕಪಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

ಅದು ಕಣ್ಣು ಮಂಜಾದ ಹಿರಿಯರಿಗೆಂದೇ ಇಟ್ಟ ಕಪಾಟು. ಕೆಲವು ಪುಸ್ತಕಗಳಲ್ಲಿ ರೈಟ್ ಮಾರ್ಕ್. ಕೆಲವುಗಳಲ್ಲಿ ಹದಿನೇಳನೇ ಪುಟದಲ್ಲಿ ಸೊನ್ನೆ, ಸೊನ್ನೆಯೊಳಗೊಂದು ಚುಕ್ಕಿ. ಇನ್ನು ಕೆಲವುಗಳಲ್ಲಿ ಪುಟದ ಮೂಲೆ ಮಡಚಿತ್ತು. ಚೊಕ್ಕಿ ಅಳಿಸಿದಳು, ಬಿಡಿಸಿದಳು, ಒತ್ತಿ ಒತ್ತಿ ನೇರ ಮಾಡಿದಳು. ಸಂಜೆಯ ಹೊತ್ತಿಗೆ ನಲವತ್ತೆರಡು ಪುಸ್ತಕಗಳು ಮುಗಿದವು.

"ಶಭಾಷ್!" ಎಂದರು ಮೇಡಂ. ಮನೆಗೆ ಹೋಗುವಾಗ ಚೊಕ್ಕಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎರಡು ವಾರ ಕಳೆದಿತ್ತು. ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಓದುತ್ತಿದ್ದ ಅಜ್ಜಿ ಪುಸ್ತಕವನ್ನು ಪಟ್ಟನೆ ಮುಚ್ಚಿದಳು.

"ಇದನ್ನ ನಾನು ಓದಿದ್ದೀನಿ. ಕೊಲೆ ಮಾಡಿದ್ದು ತೋಟದ ಮಾಲಿ."

"ಅರ್ಧ ಮುಗಿಸಿದ ಮೇಲೆ ನೆನಪಾಯ್ತಾ?" ಅಮ್ಮ ನಕ್ಕಳು. "ಬಿಡಮ್ಮ, ಎಲ್ಲರಿಗೂ ಆಗುತ್ತೆ."

"ಎಲ್ಲರಿಗೂ ಮೂರು ಸಲ ಆಗಲ್ಲ. ಇದು ಮೂರನೇ ಪುಸ್ತಕ."

ಅಮ್ಮನ ನಗು ನಿಂತಿತು.

ಅಜ್ಜಿ ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಪತ್ತೇದಾರಿ ಕಾದಂಬರಿ ಸಿಕ್ಕಿದರೆ ಊಟ ಬಿಟ್ಟು ಓದುವವಳು. ನೆನಪು ಅಳಿಸಿಹೋದ ರೋಗಿಗಳು, ಮಕ್ಕಳ ಹೆಸರು ಮರೆತವರು, ಮನೆಯ ದಾರಿ ಮರೆತವರು, ಎಲ್ಲರನ್ನೂ ಅವಳು ನೋಡಿದ್ದಳು.

"ಹೀಗೇ ಶುರುವಾಗೋದು" ಎಂದಳು ಅಜ್ಜಿ. ಅವಳಿಗೆ ಭಯವಾಗಿತ್ತು. ಅಜ್ಜಿಗೂ ಭಯವಾಗುತ್ತದೆ ಎಂಬುದು ಚೊಕ್ಕಿಗೆ ಆವತ್ತೇ ಗೊತ್ತಾದದ್ದು.

"ಸೋಮವಾರ ಡಾಕ್ಟರ್ ಹತ್ರ ಹೋಗೋಣ" ಎಂದಳು ಅಮ್ಮ. "ಅಲ್ಲಿವರೆಗೆ ಒಬ್ಬಳೇ ಎಲ್ಲೂ ಹೋಗ್ಬೇಡಮ್ಮ. ಲೈಬ್ರರಿಗೂ ಬೇಡ."

ಬೇರೆ ದಿನವಾಗಿದ್ದರೆ ಅಜ್ಜಿ ಒಂದು ಮಾತಿಗೆ ಹತ್ತು ಮಾತು ಆಡುತ್ತಿದ್ದಳು. ಇವತ್ತು ಸುಮ್ಮನೆ ತಲೆಯಾಡಿಸಿದಳು. ಪರ್ಸಿನಿಂದ ಲೈಬ್ರರಿ ಕಾರ್ಡ್ ತೆಗೆದು ಪುಸ್ತಕದ ಮೇಲಿಟ್ಟಳು.

"ಚೊಕ್ಕಿ, ಎರಡನ್ನೂ ಕೊಟ್ಟು ಬಾ. ಇನ್ನು ನಂಗೆ ಕಾರ್ಡ್ ಬೇಡ."

ಲೈಬ್ರರಿಯಲ್ಲಿ ಆಗಲೇ ಗಲಾಟೆ ನಡೆದಿತ್ತು. ಕೌಂಟರಿನ ಮುಂದೆ ಡ್ರೈವರ್ ತಾತ ನಿಂತಿದ್ದರು. ಬಸ್ಸು ಬಿಟ್ಟು ಹತ್ತು ವರ್ಷವಾದರೂ ಅವರ ದನಿ ಹಾರ್ನ್ ಬಿಟ್ಟಿರಲಿಲ್ಲ.

"ನನ್ನ ಚಕ್ರ ಎಲ್ಲಿ ಮೇಡಂ?"

"ಯಾವ ಚಕ್ರ?"

"ಹದಿನೇಳನೇ ಪುಟದ್ದು! ನಾನು ಓಡಿಸ್ತಿದ್ದದ್ದು ಹದಿನೇಳನೇ ನಂಬರ್ ಬಸ್ಸು. ಓದಿದ ಪುಸ್ತಕಕ್ಕೆಲ್ಲ ಆ ಪುಟದಲ್ಲಿ ಒಂದು ಚಕ್ರ ಬರೀತೀನಿ. ಈಗ ಒಂದರಲ್ಲೂ ಇಲ್ಲ. ಓದಿದ್ದನ್ನೇ ಎರಡು ಸಲ ಹೊತ್ಕೊಂಡು ಹೋದೆ!"

"ಲೈಬ್ರರಿ ಪುಸ್ತಕದಲ್ಲಿ ಗೀಚ್ತೀರಾ?"

"ಗೀಚೋದಲ್ಲ ಮೇಡಂ, ಗುರುತು. ಈ ಕಪಾಟಿನ ಮುಂದೆ ನಿಂತು ಯಾವುದು ಓದಿದ್ದೀನಿ, ಯಾವುದು ಓದಿಲ್ಲ ಅಂತ ಯಾರನ್ನ ಕೇಳ್ಲಿ?"

ಬೆಂಚಿನ ಮೇಲಿದ್ದ ಬಡಗಿ ತಾತ ಕೈ ಎತ್ತಿ ತೋರಿಸಿದರು. ಕೈ ನಡುಗುತ್ತಿತ್ತು. "ನನ್ನ ಕೈಯಲ್ಲಿ ಪೆನ್ಸಿಲ್ ನಿಲ್ಲಲ್ಲ. ನಾನು ಮೂಲೆ ಮಡಚಿಡ್ತಿದ್ದೆ. ಅದೂ ಇಲ್ಲ."

"ನಮ್ಮ ನರ್ಸಮ್ಮಂದು ಇಪ್ಪತ್ತೊಂದನೇ ಪುಟದಲ್ಲಿ ರೈಟ್ ಮಾರ್ಕು" ಎಂದರು ಡ್ರೈವರ್ ತಾತ. "ಅದೂ ಹೋಗಿದೆ. ಅವರು ಯಾಕೋ ಈ ವಾರ ಕಾಣಲೇ ಇಲ್ಲ."

ನರ್ಸಮ್ಮ ಎಂದರೆ ಚೊಕ್ಕಿಯ ಅಜ್ಜಿಯೇ.

ಸುಮ್ಮನಿರಬಹುದಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. ಆದರೆ ಅಜ್ಜಿಯ ಕಾರ್ಡ್ ಅವಳ ಕೈಯಲ್ಲೇ ಇತ್ತು.

"ನಾನೇ ಅಳಿಸಿದ್ದು" ಎಂದಳು.

ಮೂವರೂ ತಿರುಗಿ ನೋಡಿದರು. ಚೊಕ್ಕಿಗೆ ಅಳು ಬಂತು. "ನಲವತ್ತೆರಡು ಪುಸ್ತಕದ್ದೂ ಅಳಿಸಿದೆ. ಗಲೀಜು ಅಂದ್ಕೊಂಡೆ."

"ಅಳಿಸು ಅಂದಿದ್ದು ನಾನೇ" ಎಂದರು ಮೇಡಂ ಮೆಲ್ಲಗೆ.

ಡ್ರೈವರ್ ತಾತ ಒಂದು ಗಳಿಗೆ ಅವಳನ್ನೇ ದಿಟ್ಟಿಸಿದರು. "ಒಂದೂ ಉಳಿಸಿಲ್ವಲ್ಲ ಮರಿ! ಕೆಲಸ ಮಾತ್ರ ಅಚ್ಚುಕಟ್ಟು."

ಚೊಕ್ಕಿ ಪುಸ್ತಕವನ್ನಷ್ಟೇ ಕೊಟ್ಟಳು. ಕಾರ್ಡ್ ಹಿಡಿದು ಮನೆಗೆ ಓಡಿದಳು.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. ಬೈಯಲಿಲ್ಲ. ಕುರ್ಚಿಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟಳು.

"ಆಸ್ಪತ್ರೆಯಲ್ಲಿ ಔಷಧಿ ಕೊಟ್ಟ ತಕ್ಷಣ ಚೀಟಿ ಮೇಲೆ ರೈಟ್ ಹಾಕ್ತಿದ್ದೆ" ಎಂದಳು. "ಇಲ್ಲಾಂದ್ರೆ ಇನ್ನೊಬ್ಬಳು ಬಂದು ಮತ್ತೊಂದು ಸಲ ಕುಡಿಸಿಬಿಡ್ತಾಳೆ. ಅದೇ ಅಭ್ಯಾಸ ಪುಸ್ತಕಕ್ಕೂ ಬಂತು."

"ಹಾಗಾದ್ರೆ ನಿಂಗೆ ಮರೆವಿಲ್ಲ ಅಲ್ವಾ?"

"ಇದೆ ಕಣೆ. ಮರೀತೀನಿ ಅಂತ ಗೊತ್ತಿದ್ದೇ ಗುರುತು ಹಾಕ್ತೀನಿ. ಗುರುತು ಹಾಕೋದನ್ನೂ ಮರೆತುಬಿಟ್ಟೆನಾ ಅಂತ ಹೆದರಿಕೆ ಆಗಿದ್ದು."

"ಸೋಮವಾರ ಡಾಕ್ಟರ್ ಹತ್ರ ಹೋಗೋದು ಹೋಗೋದೇ" ಎಂದಳು ಅಮ್ಮ ಒಳಗಿನಿಂದ.

"ಹೋಗೋಣ. ಮಂಡಿ ತೋರಿಸ್ಬೇಕಿತ್ತು" ಎಂದಳು ಅಜ್ಜಿ. ಕಾರ್ಡನ್ನು ಪರ್ಸಿಗೆ ಹಾಕಿಕೊಂಡಳು.

ಡಾಕ್ಟರ್ ಹೆಚ್ಚೇನೂ ಹೇಳಲಿಲ್ಲ. ವಯಸ್ಸಿಗೆ ತಕ್ಕ ಮರೆವು, ಆರು ತಿಂಗಳು ಬಿಟ್ಟು ಬನ್ನಿ ಎಂದರಂತೆ. ಮಂಡಿಗೆ ಮುಲಾಮು ಕೊಟ್ಟರು.

ಶನಿವಾರ ಮೇಡಂ ಆ ನಲವತ್ತೆರಡು ಪುಸ್ತಕಗಳನ್ನೂ ಉದ್ದ ಮೇಜಿನ ಮೇಲೆ ಹರಡಿದರು. ಪ್ರತಿಯೊಂದರ ಕೊನೆಯಲ್ಲೂ ಒಂದು ಬಿಳಿ ಹಾಳೆ ಅಂಟಿಸಿದ್ದರು.

"ಇನ್ಮೇಲೆ ಕದ್ದು ಹಾಕೋದು ಬೇಡ. ನಿಮ್ಮ ನಿಮ್ಮ ಗುರುತು ಇಲ್ಲಿ ಹಾಕಿ" ಎಂದರು.

"ನಾನು ರೂಟ್ ಬದಲಾಯಿಸಲ್ಲ" ಎಂದು ಡ್ರೈವರ್ ತಾತ ಹಟ ಹಿಡಿದು ಹದಿನೇಳನೇ ಪುಟವನ್ನೇ ತೆರೆದರು. ಬಡಗಿ ತಾತನಿಗೆ ಹೂವಿನ ಚಿತ್ರದ ಸಣ್ಣ ಸ್ಟ್ಯಾಂಪ್ ಸಿಕ್ಕಿತ್ತು. ಕೈ ನಡುಗಿ ಕೆಲವು ಪುಸ್ತಕಗಳಲ್ಲಿ ಒಂದರ ಬದಲು ಎರಡು ಹೂ ಬಿದ್ದವು.

ಅಜ್ಜಿ ಒಂದೊಂದೇ ಪುಸ್ತಕ ತಿರುವಿ ಹಾಕುತ್ತಿದ್ದಳು. "ಇದು ಓದಿದ್ದೀನಿ. ಇದೂ." ನೀಲಿ ರಟ್ಟಿನ ಒಂದು ಪುಸ್ತಕ ಬಂದಾಗ ಕೈ ನಿಂತಿತು. ಮೊದಲ ಪುಟ ಓದಿದಳು, ನಡುವಿನದೊಂದನ್ನು ಓದಿದಳು.

"ಇದು ಹೊಸದು" ಎಂದಳು ಖುಷಿಯಿಂದ. "ಮನೆಗೆ ಒಯ್ಯೋಣ."

ಚೊಕ್ಕಿಗೆ ಆ ನೀಲಿ ರಟ್ಟು ಚೆನ್ನಾಗಿ ನೆನಪಿತ್ತು. ಹೋದ ವರ್ಷ ಅಜ್ಜಿ ಅದನ್ನು ಓದಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ಎರಡು ದಿನ ಊಟಕ್ಕೆ ಕೂತಾಗಲೆಲ್ಲ ಅದರ ಕತೆಯನ್ನೇ ಹೇಳಿದ್ದಳು.

ಹೇಳಿದರೆ ಅಜ್ಜಿಯ ಮುಖ ಬಾಡುತ್ತದೆ. ಹೇಳದಿದ್ದರೆ ಅರ್ಧ ಪುಸ್ತಕ ಓದಿದ ಮೇಲೆ ಮತ್ತೆ ಪಟ್ಟನೆ ಮುಚ್ಚುತ್ತಾಳೆ. ಚೊಕ್ಕಿ ಸ್ವಲ್ಪ ಹೊತ್ತು ಮೇಜಿನ ಅಂಚನ್ನೇ ಉಜ್ಜುತ್ತಾ ನಿಂತಳು.

"ಅಜ್ಜಿ, ಇದನ್ನ ನೀನು ಓದಿದ್ದೀಯ" ಎಂದಳು. "ಪತ್ತೇದಾರ ತಪ್ಪು ರೈಲು ಹತ್ತಿ ಹೋಗ್ತಾನೆ. ಕಳ್ಳ ಪ್ಲಾಟ್‌ಫಾರ್ಮ್ ಮೇಲೆ ನಿಂತು ಟಾಟಾ ಮಾಡ್ತಾನೆ. ನೀನೇ ನಂಗೆ ಹೇಳಿದ್ದು."

ಅಜ್ಜಿ ಪುಸ್ತಕದ ರಟ್ಟನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಅವಳಿಗೆ ಏನೂ ನೆನಪಾಗಲಿಲ್ಲ ಎಂದು ಚೊಕ್ಕಿಗೆ ಗೊತ್ತಾಯಿತು.

"ಹೌದಾ?"

"ಹೂಂ."

ಅಜ್ಜಿ ಪೆನ್ಸಿಲನ್ನು ಅವಳ ಕಡೆ ಸರಿಸಿದಳು. "ಹಾಗಾದ್ರೆ ನೀನೇ ಹಾಕು."

ಚೊಕ್ಕಿ ಪುಸ್ತಕದ ಕೊನೆಯ ಹಾಳೆ ತೆರೆದು, ಉಸಿರು ಬಿಗಿಹಿಡಿದು, ಅಜ್ಜಿಯ ರೈಟ್ ಮಾರ್ಕ್ ಹಾಕಿದಳು. ಅದು ಸ್ವಲ್ಪ ಸೊಟ್ಟಗೆ ಬಂತು. ಹಾಗೇ ಬಿಟ್ಟಳು.

ಅಜ್ಜಿ ಇನ್ನೊಂದು ಪುಸ್ತಕ ಎತ್ತಿದಳು. ಈ ಸಲ ಪುಟ ತೆರೆಯಲಿಲ್ಲ, ರಟ್ಟನ್ನು ಚೊಕ್ಕಿಯ ಕಡೆ ತಿರುಗಿಸಿದಳು.

"ಇದು?"