ಗುರುವಾರದ ಬಿ.ಪಿ.

ಸ್ವರೂಪ್ ನನ್ನನ್ನು ಮೊದಲ ಸಲ ಕಂಡಾಗ ಓಡಿಹೋದ. ಕಣ್ಣು ಕಣ್ಣು ಕಲೆಯಲೂ ಇಲ್ಲ, ತಂಗಾಳಿ ಬೀಸಲೂ ಇಲ್ಲ. ಆರಡಿ ಎತ್ತರದ ಆಳು ನನ್ನ ನೀಲಿ ಯೂನಿಫಾರ್ಮನ್ನೂ ಹೆಗಲ ಮೇಲಿನ ಬ್ಯಾಗನ್ನೂ ನೋಡಿದವನೇ ಕೊಟ್ಟಿಗೆಯ ಮೋಟುಗೋಡೆ ಹಾರಿ ಹಿತ್ತಲಿಗೆ ಪರಾರಿಯಾದ.

"ಏನೂ ತಿಳ್ಕಬ್ಯಾಡ ಕಣವ್ವ," ಎಂದರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ. "ನನ್ ಮೊಮ್ಮಗ. ಸೂಜಿ ಅಂದ್ರೆ ಎದ್ರಿ ಸಾಯ್ತಾನೆ."

ನಾನು ಹಿತ್ತಲ ಕಡೆ ತಿರುಗಿ ಕೂಗಿದೆ. "ರೀ, ನನ್ನ ಬ್ಯಾಗಲ್ಲಿ ಸೂಜಿ ಇಲ್ಲ! ಬಿ.ಪಿ. ನೋಡೋ ಮಿಷಿನ್ ಅಷ್ಟೇ!"

ಬಾಳೆಗಿಡಗಳ ಸಂದಿಯಿಂದ ಅರ್ಧ ಮುಖ ಕಾಣಿಸಿತು. "ದೇವ್ರಾಣೆಗೂ?"

"ದೇವ್ರಾಣೆಗೂ."

ಆ ಅರ್ಧ ಮುಖ ನೋಡಿ ನಗು ತಡೆಯಲಾಗಲಿಲ್ಲ. ಉಳಿದರ್ಧವೂ ಆಚೆ ಬಂದಾಗ ಮಾತ್ರ ನಗು ತಾನಾಗಿಯೇ ನಿಂತಿತು. ಚೆನ್ನಾಗಿದ್ದ, ಏನು ಮಾಡಲಿ?

ನಾನು ನಯನ. ಮಂಡ್ಯದ ಕಾಲೇಜೊಂದರಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷ. ಊರು ಮಳವಳ್ಳಿ. ಅಪ್ಪ ಶಿವರಾಜು ಲೈನ್‌ಮನ್. "ನನ್ ಮಗ್ಳು ನರ್ಸಾಯ್ತಾವ್ಳೆ" ಎಂದು ಕರೆಂಟು ಕಂಬದ ಮೇಲಿಂದಲೂ ಕೆಳಗಿದ್ದವರಿಗೆ ಕೂಗಿ ಹೇಳುವ ಮನುಷ್ಯ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು.

ಆ ಸಲ ನಮ್ಮ ಬ್ಯಾಚನ್ನು ನಾಲ್ಕು ವಾರದ ಪೋಸ್ಟಿಂಗಿಗೆ ಆತಗೂರಿಗೆ ಹಾಕಿದ್ದರು. ಒಬ್ಬೊಬ್ಬರಿಗೆ ಒಂದೊಂದು ಮನೆ. ಸೋಮವಾರ, ಗುರುವಾರ ಹೋಗಿ ಮನೆಯವರ ಆರೋಗ್ಯ ನೋಡಿ ಫೋಲ್ಡರಿನಲ್ಲಿ ಬರೆಯಬೇಕು. ನನ್ನ ಪಾಲಿಗೆ ಬಂದದ್ದು ಹೊಂಬಾಳಮ್ಮನ ಮನೆ. ಬಿ.ಪಿ. ಇರುವ ಅಜ್ಜಿ, ಸೂಜಿಗೆ ಹೆದರುವ ಮೊಮ್ಮಗ, ಇಬ್ಬರೇ ಇದ್ದರು. ಅವನ ಅಪ್ಪ ಅಮ್ಮ ಸೋಮನಹಳ್ಳಿಯಲ್ಲಿ ಫ್ಯಾಕ್ಟರಿಯವರಿಗೆ ಕ್ಯಾಂಟೀನು ನಡೆಸುತ್ತಾ ಅಲ್ಲೇ ಇರುತ್ತಿದ್ದರು.

ಹೊರಡುವ ಮುಂಚೆ ನಮ್ಮ ಲೆಕ್ಚರರ್ ವೀಣ ಮೇಡಂ ನಮ್ಮನ್ನು ಸಾಲಾಗಿ ನಿಲ್ಲಿಸಿ ರೂಲ್ಸು ಓದಿದ್ದರು. ಕೂದಲು ತುರುಬಿನಲ್ಲಿರಬೇಕು, ಉಗುರು ಬುಡಕ್ಕಿರಬೇಕು, ಬಳೆ ಹಾಕುವಂತಿಲ್ಲ. ಮನೆಯವರು ಕೊಟ್ಟದ್ದನ್ನು ತಿನ್ನುವಂತಿಲ್ಲ. ಗಂಡುಮಕ್ಕಳ ಜೊತೆ ಹರಟೆ ಹೊಡೆಯುವಂತಿಲ್ಲ.

"ಅದು ಪೇಷೆಂಟ್ ಮನೆ, ನಿಮ್ಮ ನೆಂಟರ ಮನೆ ಅಲ್ಲ. ಇನ್ನೊಂದು ಕೇಳಿಸ್ಕೊಳ್ಳಿ. ಕಣ್ಣಲ್ಲಿ ನೋಡ್ದೆ ಇರೋದನ್ನ ಬರೆದ್ರೆ ಪೋಸ್ಟಿಂಗ್ ಕ್ಯಾನ್ಸಲ್. ಪೋಸ್ಟಿಂಗ್ ಗಂಟೆ ಪೂರ್ತಿ ಆಗ್ಲಿಲ್ಲ ಅಂದ್ರೆ ಹಾಲ್ ಟಿಕೆಟ್ ಇಲ್ಲ. ಆಮೇಲೆ ಅಳ್ಕೊಂಡು ನನ್ನ ಹತ್ರ ಬರ್ಬೇಡಿ."

ಹರಟೆಯ ರೂಲು ಎರಡನೇ ಸೋಮವಾರಕ್ಕೇ ಮುರಿದುಬಿತ್ತು. ಅಜ್ಜಿಯ ಬಿ.ಪಿ. ನೋಡಿಯಾದ ಮೇಲೆ ಸ್ವರೂಪನ ಸರದಿ. ಅವನ ಮಣಿಕಟ್ಟು ಹಿಡಿದು ವಾಚು ನೋಡುತ್ತಾ ಪಲ್ಸ್ ಎಣಿಸಿದೆ. ನೂರಾ ನಾಲ್ಕು!

"ಎಲ್ಲಿಂದಾದ್ರೂ ಓಡಿ ಬಂದ್ರಾ?"

"ಇಲ್ವಲ್ಲ. ಆಗ್ಲಿಂದ ಇಲ್ಲೇ ಕುಂತಿವ್ನಿ."

"ಮತ್ತೆ ಭಯನಾ? ಸೂಜಿ ಇಲ್ಲ ಅಂದ್ನಲ್ಲ."

ಅವನು ತನ್ನ ಕೈ ಮೇಲಿದ್ದ ನನ್ನ ಬೆರಳುಗಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಇದು ಸೂಜಿ ಭಯ ಅಲ್ಲ ನರ್ಸಮ್ಮ."

ನನ್ನ ಕಿವಿ ಬಿಸಿಯಾಯಿತು. ಬೇಗ ಬೇಗ ಫೋಲ್ಡರು ತೆಗೆದೆ.

"ಒಸಿ ಕಮ್ಮಿ ಬರ್ಕಳಿ. ನನ್ ಮರ್ವಾದೆ ಓಯ್ತದೆ."

"ಆಗಲ್ಲ. ಇದ್ದದ್ದನ್ನೇ ಬರೀಬೇಕು, ರೂಲ್ಸು."

"ಏನ್ಲಾ ಅದು ಗುಸುಗುಸು?" ಎಂದರು ಒಳಗಿನಿಂದ ಅಜ್ಜಿ.

"ಏನಿಲ್ಲ ಕಣಜ್ಜಿ. ನಂಗೆ ಕಾಯ್ಲೆ ಅಂತೆ," ಎಂದ ಸ್ವರೂಪ್. ಮುಖದ ತುಂಬಾ ನಗು.

ಅಲ್ಲಿಂದ ನನಗೆ ವಾರದಲ್ಲಿ ಎರಡೇ ದಿನ ಅನ್ನಿಸತೊಡಗಿತು. ಅವನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಫೀಲ್ಡ್ ಅಸಿಸ್ಟೆಂಟು. ಕೆಲಸಕ್ಕೆ ಹೋಗಬೇಕಾದವನು ನಾನು ಬರುವವರೆಗೂ ಬೈಕಿನ ಸ್ಪಾರ್ಕ್ ಪ್ಲಗ್ ಒರೆಸುತ್ತಾ ಕೂತಿರುತ್ತಿದ್ದ. ಅಷ್ಟು ಫಳಫಳ ಹೊಳೆಯುವ ಸ್ಪಾರ್ಕ್ ಪ್ಲಗ್ ಮದ್ದೂರು ತಾಲ್ಲೂಕಿನಲ್ಲೇ ಇನ್ನೊಂದಿರಲಿಲ್ಲ.

ಮೂರನೇ ಸೋಮವಾರ ಗೇಟಿನ ಹತ್ತಿರ ನಿಲ್ಲಿಸಿ ಹೇಳಿದ. "ಗುರುವಾರ ನಮ್ ಫಾರಂನಲ್ಲಿ ಕೃಷಿ ಮೇಳ. ಅಜ್ಜೀನ ನೋಡ್ಕಂಡು, ಆಮೇಲೆ ಪುರುಸೊತ್ತಾದ್ರೆ ಬನ್ನಿ. ನಾನ್ ಬೆಳ್ಸಿರೋ ಭತ್ತ ತೋರಿಸ್ತೀನಿ."

ಅಜ್ಜಿಯನ್ನು ನೋಡಿಕೊಂಡು ಎಂದಿದ್ದ. ನಾನು ನೋಡಲಿಲ್ಲ. ಗುರುವಾರ ಕಾಲೇಜ್ ಬಸ್ಸು ನಮ್ಮನ್ನು ಇಳಿಸಿ ಹೋದದ್ದೇ ತಡ, ಎದುರಿಗೆ ಮಂಡ್ಯದ ಬಸ್ಸು ಬಂತು. ಅದು ಬಿಟ್ಟರೆ ಇನ್ನೊಂದಕ್ಕೆ ಒಂದು ಗಂಟೆ ಕಾಯಬೇಕು.

"ಹೋಗೇ, ಸುಮ್ನೆ ಹೋದ್ ಸಲದ್ದೇ ಬರ್ಕೊ. ಅಜ್ಜಿ ಬಿ.ಪಿ. ಎಲ್ಲಿಗೆ ಓಡೋಗುತ್ತೆ?" ಎಂದಳು ಕ್ಲಾಸ್‌ಮೇಟ್ ದೀಪಿಕ. ಅವಳು ತಳ್ಳಿದಳು ಎಂದು ಹೇಳುವುದು ಸುಲಭ. ಹತ್ತಿದ ಕಾಲು ನನ್ನದೇ.

ಮೇಳದಲ್ಲಿ ಜನವೋ ಜನ. ಸ್ವರೂಪ್ ನನ್ನನ್ನು ಕಂಡ ತಕ್ಷಣ ರೈತರ ಗುಂಪಿಗೆ ಹೇಳುತ್ತಿದ್ದ ತಳಿಯ ಹೆಸರನ್ನೇ ಮರೆತ. ಆಮೇಲೆ ಬದುವಿನ ಮೇಲೆ ಮುಂದೆ ಅವನು, ಹಿಂದೆ ನಾನು. ಒಂದೊಂದು ತಾಕಿನ ಮುಂದೂ ನಿಂತು ಇದು ಇಷ್ಟು ದಿನಕ್ಕೆ ತೆನೆ ಬಂತು, ಇದು ಗಾಳಿಗೆ ಬೀಳುವುದಿಲ್ಲ ಎಂದು ವಿವರಿಸಿದ. ನನಗೆ ಭತ್ತ ಕಾಣಿಸಲೇ ಇಲ್ಲ, ತೆನೆ ಸವರುತ್ತಿದ್ದ ಕೈ ಕಾಣಿಸುತ್ತಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಕ್ಕೆ ತನ್ನ ಟೋಪಿ ತೆಗೆದು ನನ್ನ ತಲೆ ಮೇಲಿಟ್ಟ. ಕಬ್ಬಿನ ಹಾಲು ಕುಡಿಸಿದ. ಲೋಟ ಕೊಡುವಾಗ ಬೆರಳು ತಾಗಿತು. ಇಬ್ಬರೂ ತಾಗಿಲ್ಲ ಎನ್ನುವ ಹಾಗೆ ಬೇರೆ ಕಡೆ ನೋಡಿದೆವು.

"ಅಜ್ಜಿ ಎಂಗಿದ್ಲು ಬೆಳಿಗ್ಗೆ?" ಎಂದ.

"ಚೆನ್ನಾಗಿದ್ರು," ಎಂದೆ. ಬಾಯಿಂದ ಹಾಗೇ ಜಾರಿತು.

ಸಂಜೆ ಆತಗೂರಿಗೆ ಮರಳಿ, ಕಾಲೇಜ್ ಬಸ್ಸಿನಲ್ಲಿ ಕೂತು ಬರೆದೆ. ಬಿ.ಪಿ. 140/90. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆ. ಬರೆಯುವಾಗ ಪೆನ್ನು ಒಂದು ಸಲವೂ ತಡವರಿಸಲಿಲ್ಲ. ಅದಕ್ಕೇ ನನಗೆ ಇವತ್ತಿಗೂ ನಾಚಿಕೆ.

ಸೋಮವಾರ ಹೋದಾಗ ಸ್ಪಾರ್ಕ್ ಪ್ಲಗ್ ಒರೆಸುವವನು ಇರಲಿಲ್ಲ. ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. "ತಲೆ ಗಿರ್ರಂತದೆ ಮಗ," ಎಂದರು. ಮಿಷಿನ್ನು 180/110 ತೋರಿಸಿತು. ಇನ್ನೊಂದು ತೋಳಿಗೆ ಕಟ್ಟಿದೆ. ಅಲ್ಲೂ ಅಷ್ಟೇ.

"ಮಾತ್ರೆ ನುಂಗಿದ್ರಾ ಅಜ್ಜಿ?"

ಅವರು ಸೆರಗಿನ ಗಂಟಿನಿಂದ ಖಾಲಿ ಶೀಟು ತೆಗೆದು ತೋರಿಸಿದರು. "ಬುಧ್ವಾರಕ್ಕೇ ಮುಗ್ದೋಯ್ತು. ಗುರುವಾರ ನೀನ್ ಬತ್ತೀಯಲ್ಲ, ಯೋಳವಾ ಅಂತ ಸಂಜೆಗಂಟ ಬಾಕ್ಲಲ್ಲೇ ಕುಂತಿದ್ದೆ. ನೀನು ಬರ್ನೇ ಇಲ್ಲ."

 ಒಳಗಿನಿಂದ ಬಂದ ಸ್ವರೂಪ್ ನನ್ನ ಮುಖ ನೋಡಲಿಲ್ಲ. ನಾನು ಬರಲಿಲ್ಲವೆಂದು ಗುರುವಾರ ರಾತ್ರಿಯೇ ಅಜ್ಜಿ ಅವನಿಗೆ ಹೇಳಿರಬೇಕು, ಮಾತ್ರೆ ಮುಗಿದ ಮಾತೊಂದು ಬಿಟ್ಟು. ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಊರಿನ ಆಸ್ಪತ್ರೆಗೆ ಹೊರಟ. ನಾನು ಹಿಂದೆ ಓಡಿದೆ.

ಡಾಕ್ಟರ ಟೇಬಲ್ಲಿನ ಪಕ್ಕದಲ್ಲೇ, ನಮ್ಮ ಪೋಸ್ಟಿಂಗ್ ನೋಡಲು ಬಂದಿದ್ದ ವೀಣ ಮೇಡಂ ನಿಂತಿದ್ದರು. ಡಾಕ್ಟರು ನನ್ನ ಫೋಲ್ಡರು ತಿರುವಿದರು.

"ಗುರುವಾರ ನೂರ ನಲವತ್ತಿತ್ತು. ಮಾತ್ರೆ ನುಂಗ್ತಾ ಇದ್ದೂ ಇಷ್ಟು ಏರಿದ್ಯಾ? ಅಜ್ಜಿ, ದಿನಾ ತಗೋತಿದ್ರಿ ತಾನೆ?"

ಹೊಂಬಾಳಮ್ಮ ನನ್ನನ್ನು ನೋಡಿದರು. ಮೇಡಂ ಮುಖವನ್ನೂ ನೋಡಿದರು. ಅಕ್ಷರ ಬಾರದಿದ್ದರೂ ಆ ಅಜ್ಜಿಗೆ ಎಲ್ಲ ಗೊತ್ತಾಯಿತು.

"ಊಂ ಕಣಪ್ಪ, ದಿನಾ ನುಂಗ್ತಾ ಇವ್ನಿ. ಈ ಮಗ ಗುರುವಾರ ಬಂದು ನೋಡ್ಕಂಡು ಓಯ್ತಲ್ಲ."

ಸ್ವರೂಪ್ ಗೋಡೆಯ ಮೇಲಿದ್ದ ಲಸಿಕೆಯ ಪೋಸ್ಟರು ನೋಡುತ್ತಾ ನಿಂತ.

"ಹಾಗಾದ್ರೆ ಈ ಡೋಸ್ ಸಾಲ್ತಿಲ್ಲ. ಇನ್ನೂ ಒಂದು ಸ್ಟ್ರಾಂಗ್ ಮಾತ್ರೆ ಸೇರಿಸ್ತೀನಿ," ಎಂದು ಡಾಕ್ಟರು ಪೆನ್ನು ಎತ್ತಿದರು.

ನಾನು ಸುಮ್ಮನಿದ್ದರೆ ಹಾಲ್ ಟಿಕೆಟ್ ಉಳಿಯುತ್ತಿತ್ತು. ಅಪ್ಪನ ಮಾನ ಉಳಿಯುತ್ತಿತ್ತು. ಹಳೆಯದೂ ಹೊಸದೂ ಸೇರಿಸಿ ನುಂಗಿದ ಅಜ್ಜಿಗೆ ಬಿ.ಪಿ. ದಿಢೀರನೆ ಇಳಿದು ಬಚ್ಚಲಲ್ಲೋ ಜಗಲಿಯಲ್ಲೋ ಬಿದ್ದರೆ, ಅದು ನನ್ನ ಸುಳ್ಳಿನಿಂದ ಎಂದು ಯಾರಿಗೆ ಗೊತ್ತಾಗುತ್ತಿತ್ತು?

"ಬರೀಬೇಡಿ ಸಾರ್," ಎಂದೆ. "ಆ ನೂರ ನಲವತ್ತು ಸುಳ್ಳು. ನಾನು ಗುರುವಾರ ಅವರ ಮನೆಗೆ ಹೋಗೇ ಇಲ್ಲ. ಮಾತ್ರೆ ಬುಧವಾರಕ್ಕೇ ಮುಗಿದಿದೆ. ಅಜ್ಜಿ ನನ್ನ ಉಳಿಸೋಕೆ ಹೇಳ್ತಿದ್ದಾರೆ."

ಡಾಕ್ಟರ ಪೆನ್ನು ನಿಂತಿತು. ಹಳೆಯ ಮಾತ್ರೆಯನ್ನೇ ಕೊಟ್ಟು, ಅರ್ಧ ದಿನ ಮಲಗಿಸಿ ನೋಡಿಕೊಂಡರು. ಸಂಜೆಯ ಹೊತ್ತಿಗೆ ಬಿ.ಪಿ. ಇಳಿಯತೊಡಗಿತ್ತು. ಅಜ್ಜಿ ಮಂಚದ ಮೇಲಿಂದಲೇ ನನ್ನನ್ನು ಬೈದರು. "ಯಾಕೆ ಯೋಳ್ದೆ ಮಗ? ನಿನ್ ಓದು ಆಳಾಯ್ತದಲ್ಲ!"

ಬಾಗಿಲಲ್ಲಿ ಸ್ವರೂಪ್ ಅಡ್ಡ ಸಿಕ್ಕಿದ. "ಅವತ್ತು ಚೆನ್ನಾಗಿದ್ರು ಅಂದ್ರಲ್ಲ," ಎಂದ, ಅಷ್ಟೇ. ನನ್ನನ್ನು ದಾಟಿಕೊಂಡು ಅಜ್ಜಿಯ ಮಂಚದ ಕಡೆ ಹೋದ.

ಬುಧವಾರ ಅಪ್ಪನನ್ನು ಕಾಲೇಜಿಗೆ ಕರೆಸಿದರು. ಹೋಗಿ ನೋಡಿದರೆ ಬೆಂಚಿನ ಮೇಲೆ ಅಪ್ಪ, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಸ್ವರೂಪ್!

"ಮೇಡಂ, ಮೇಳಕ್ಕೆ ಕರೆದೋನು ನಾನು," ಎಂದ ಒಳಗೆ ಬಂದು. "ಮನೇಲೇ ಇದ್ದು ಅಜ್ಜಿ ಮಾತ್ರೆ ನಾನೂ ಕೇಳ್ನಿಲ್ಲ. ಇವ್ರೊಬ್ರುದೇ ತಪ್ಪಲ್ಲ."

"ಕರೆದದ್ದು ನೀವು," ಎಂದರು ವೀಣ ಮೇಡಂ. "ಬರೆದದ್ದು ಇವಳು." ಆಮೇಲೆ ನನ್ನ ಕಡೆ ತಿರುಗಿದರು. "ಆತಗೂರು ಪೋಸ್ಟಿಂಗ್ ಕ್ಯಾನ್ಸಲ್. ನೀನೇ ಬಾಯ್ಬಿಟ್ಟು ಹೇಳಿದ್ದಕ್ಕೆ ಒಂದು ಅವಕಾಶ. ಎಲ್ಲರೂ ಓದೋಕೆ ರಜೆ ಹಾಕ್ತಾರಲ್ಲ, ಆ ನಾಲ್ಕು ವಾರ ನೀನು ಮಳವಳ್ಳಿ ಕಡೆ ಹಳ್ಳೀಲಿ ಮೊದಲಿಂದ ಮಾಡ್ಬೇಕು. ಪ್ರತಿ ಮನೆಗೂ ನಾನೇ ಫೋನ್ ಮಾಡ್ತೀನಿ. ಒಂದು ದಿನ ತಪ್ಪಿದ್ರೂ ಹಾಲ್ ಟಿಕೆಟ್ ಇಲ್ಲ."

ಅಪ್ಪ ನನ್ನನ್ನು ಮಂಡ್ಯ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ಬಸ್ಸು ಹತ್ತುವಾಗ ಕೇಳಿದರು. "ನಾನ್ ಕಂಬದ ಮೇಲಿದ್ದಾಗ, ಕೆಳ್ಗಡೆ ಇರೋನು ನೋಡ್ದೇನೇ ಲೈನ್ ಆಫ್ ಆಗ್ಯದೆ ಅಂದ್ಬುಟ್ರೆ ಏನಾಯ್ತದೆ ಗೊತ್ತೇನವ್ವ?"

"ಗೊತ್ತಪ್ಪ."

"ಸರಿ, ಬಸ್ಸತ್ತು."

ಆ ನಾಲ್ಕು ವಾರ ನಾನು ಒಂದು ಮನೆಯ ಬಾಗಿಲನ್ನೂ ಬಿಡಲಿಲ್ಲ. ಹಗಲೆಲ್ಲ ಓಡಾಟ, ಬಸ್ಸಿನಲ್ಲಿ ಓದು. ಮೊದಲ ಗುರುವಾರ ಮಧ್ಯಾಹ್ನ ಒಂದು ಮೆಸೇಜು ಬಂತು. 'ಅಜ್ಜಿ 146/90. ಆಶಾ ಕಾರ್ಯಕರ್ತೆ ನೋಡಿದ್ದು.' ಮುಂದೆ ಹಿಂದೆ ಒಂದಕ್ಷರ ಇಲ್ಲ. 'ಮಾತ್ರೆ?' ಎಂದು ಕಳಿಸಿದೆ. 'ನಾನೇ ಎಣಿಸ್ದೆ.' ಮುಂದಿನ ಗುರುವಾರ, '138/86. ಇನ್ನೂ ಹನ್ನೊಂದು ಮಾತ್ರೆ ಇದೆ.' ಪ್ರೇಮಪತ್ರ ಬಂದವರೂ ನನ್ನಷ್ಟು ಸಲ ಓದಿರಲಾರರು. ಮೂರನೆಯ ಗುರುವಾರ ಕೊನೆಗೊಂದು ಸಾಲು ಜಾಸ್ತಿ ಇತ್ತು. 'ನೀವು ಊಟ ಮಾಡ್ತಿದೀರಾ?' ಬಸ್ಸಿನಲ್ಲಿ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಪಕ್ಕದ ಹೆಂಗಸು ದೂರ ಸರಿದು ಕೂತರು.

ಕೊನೆಯ ದಿನ ವೀಣ ಮೇಡಂ ಎಲ್ಲ ಮನೆಗೂ ಫೋನ್ ಮಾಡಿ ಮುಗಿಸಿ, ಫೋಲ್ಡರಿಗೆ ಸಹಿ ಹಾಕಿದರು. "ಹೋಗು, ಎಕ್ಸಾಮ್‌ಗೆ ಓದ್ಕೊ," ಎಂದರು. ಮೇಡಂ ನಕ್ಕದ್ದನ್ನು ಅವತ್ತೇ ಮೊದಲು ನೋಡಿದ್ದು.

ಸಂಜೆ ನಾಲ್ಕಕ್ಕೆ ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ, ಎದುರಿಗೆ ಸ್ವರೂಪ್ ಬೈಕಿಗೆ ಒರಗಿ ನಿಂತಿದ್ದ.

"ಸಿಟ್ಟು ಓಯ್ತಾ?" ಎಂದೆ ಅವನ ಧಾಟಿಯಲ್ಲೇ.

"ಓಗ್ದೇನೆ ಇಷ್ಟ್ ದೂರ ಬಂದ್ನಾ?" ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತಾ ನೆಲ ನೋಡಿದ. "ಸಿಟ್ಟು ನಿಮ್ ಮ್ಯಾಲೆ ಅಲ್ಲ ಕಣ್ರಿ, ನನ್ ಮ್ಯಾಲೆ. ಅವತ್ತು ಡಾಕ್ಟ್ರು ಮುಂದೆ ನಾನೂ ಬಾಯ್ಮುಚ್ಕಂಡಿದ್ದೆ. ನಿಮ್ಗೆ ತೊಂದ್ರೆ ಆಯ್ತದೆ ಅಂತ. ನನ್ನ ಸಾಕ್ದೋಳು ನನ್ನಜ್ಜಿ. ಬಾಯ್ಬುಟ್ಟೋರು ನೀವು."

"ಅದನ್ನ ಹೇಳೋಕೆ ಬಂದ್ರಾ?"

"ಅದೂ... ಇನ್ನೊಂದೂ."

"ಇನ್ನೊಂದು ಏನು?"

ಅವನ ಕತ್ತಿನವರೆಗೂ ಕೆಂಪು ಹತ್ತಿತು. ಬಾಯಿ ತೆರೆದ. ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಒಂದು ಸ್ಕೂಟರು ಬಂದು ನಿಂತಿತು. ಅಪ್ಪ.

"ಇವ್ನು ಅವತ್ತು ಕಾಲೇಜ್ ತಾವ ಇದ್ದೋನಲ್ವಾ?" ಅಪ್ಪ ಎಂಜಿನ್ ಆಫ್ ಮಾಡಿದರು. "ಇಲ್ಲಿಗ್ಯಾಕೆ ಬಂದವ್ನೆ?"

ಅಜ್ಜಿಯ ರಿಪೋರ್ಟು ತೋರಿಸಲು ಬಂದರು ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಅಪ್ಪ ನಂಬುತ್ತಲೂ ಇದ್ದರು. ನನಗೆ ಸಾಕಾಗಿತ್ತು.

"ಅಪ್ಪ, ಇವ್ರು ಅಂದ್ರೆ ನಂಗಿಷ್ಟ. ಮದ್ವೆ ಅಂತಾದ್ರೆ ಇವ್ರನ್ನೇ ಆಗ್ತೀನಿ." ಒಂದೇ ಉಸಿರಿಗೆ ಹೇಳಿಬಿಟ್ಟೆ. "ಇದನ್ನ ಇನ್ನೂ ಇವ್ರಿಗೇ ಹೇಳಿಲ್ಲ. ನಿಂಗೇ ಮೊದ್ಲು ಹೇಳ್ತಿರೋದು."

ಹೆಲ್ಮೆಟ್ಟು ಸ್ವರೂಪನ ಕೈಯಿಂದ ಜಾರಿ ಉರುಳಿಕೊಂಡು ಹೋಗಿ ಬಸ್ಸಿನ ಚಕ್ರಕ್ಕೆ ತಾಗಿ ನಿಂತಿತು. ಅದನ್ನು ಯಾರೂ ಎತ್ತಲಿಲ್ಲ.

ಅಪ್ಪ ಅವನನ್ನು ಮೇಲಿಂದ ಕೆಳಗೆ ಅಳೆದರು. "ಏನಯ್ಯಾ, ನಿಂಗೆ?"

"ನಂಗೆ ಮೊದಲ್ನೇ ದಿನದಿಂದ್ಲೂ ಸಾರ್. ಯೋಳಕ್ಕೆ ಧೈರ್ಯ ಬರ್ನಿಲ್ಲ." ಅವನು ಹೇಳಿದ್ದು ಅಪ್ಪನಿಗೆ, ನೋಡಿದ್ದು ನನ್ನನ್ನು. ಆ ನೋಟ ನೋಡಿ ನನ್ನ ಮೈಯೆಲ್ಲ ಹಗುರಾಯಿತು.

"ಇವಳ್ದು ಇನ್ನೂ ಒಂದೂವರೆ ವರ್ಸದ ಓದು ಅದೆ. ಅಲ್ಲಿಗಂಟ ಮದ್ವೆ ಗಿದ್ವೆ ಅನ್ನಂಗಿಲ್ಲ."

"ಕಬ್ಬು ನಾಟಿ ಮಾಡೋ ಮನೆಯೋರು ಸಾರ್, ಕಾಯೋದು ಗೊತ್ತು."

ಅಪ್ಪ ಮುಖ ಆಚೆ ತಿರುಗಿಸಿದರು. ನಗು ಬಂದಾಗ ಅವರು ಹಾಗೇ ಮಾಡುವುದು. ಸ್ಕೂಟರಿಗೆ ಕಿಕ್ ಹೊಡೆದು, "ಅತ್ತವ್ವ," ಎಂದರು ನನಗೆ. ನಾನು ಹತ್ತಿ ಕೂತ ಮೇಲೆ ಸ್ವರೂಪನ ಕಡೆ ನೋಡಿದರು. "ಎಕ್ಸಾಮ್ ಮುಗಿದ್ ಭಾನ್ವಾರ ನಿಮ್ಮಜ್ಜೀನ ಕರ್ಕಂಡ್ ಬಾ. ಸೊಗಸಾಗಿ ಬಾಡೂಟ ಮಾಡ್ಸಾನ."

"ಉಪ್ಪು ಕಮ್ಮಿ ಹಾಕ್ಸಪ್ಪ," ಎಂದೆ ಹಿಂದಿನಿಂದ. "ಅಜ್ಜಿಗೆ ಬಿ.ಪಿ. ಇದೆ."