ಮಜೀದಸಾಬರ ಹಸಿರು ವೈರು

ಬಾಗಿಲು ತೆರೆದ ರಶೀದಾಬೇಗಂ ಹೊರಗೆ ನಿಂತ ಹುಡುಗಿಯನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದರು. "ಹೊಲಿಗಿ ಕ್ಲಾಸ್ ಬಾಜೂ ಮನ್ಯಾಗ ಅದ ನೋಡವ್ವ," ಅಂದು ಬಾಗಿಲು ಮುಂದೆ ಮಾಡಿಕೊಳ್ಳಲು ಹೊರಟರು.

"ನಾ ಹೊಲಿಯಾಕ ಬಂದಿಲ್ರಿ ಖಾಲಾ. ನಿಮ್ಮ ಬಚ್ಚಲದಾಗಿನ ಸಾಕೆಟ್ ಬದಲಿ ಮಾಡಾಕ ಬಂದೀನಿ."

"ನೀನಾ?"

"ನಾನೇ ರಿ."

ಜಬೀನಾ ಹೆಗಲ ಮೇಲಿನ ಚೀಲ ಸರಿಮಾಡಿಕೊಂಡಳು. ಚೀಲದೊಳಗೆ ಕಟರ್, ಟೆಸ್ಟರ್, ಹೊಸ ಸಾಕೆಟ್ಟು. ಐಟಿಐ ಮುಗಿಸಿ ಆರು ವರ್ಷವಾಗಿತ್ತು, ವೈರ್‌ಮನ್ ಪರ್ಮಿಟ್ ಕೈಗೆ ಬಂದು ನಾಲ್ಕು. ಇಂಥ 'ನೀನಾ?'ಗಳನ್ನು ವಾಡಿಯಿಂದ ಸೇಡಂವರೆಗೆ ಎಷ್ಟು ಬಾಗಿಲಲ್ಲಿ ಕೇಳಿದ್ದಳೋ. ಅದಕ್ಕೆಲ್ಲ ನಗುವುದು ಆಕೆಗೆ ರೂಢಿಯಾಗಿತ್ತು.

ಆದರೆ ಇವತ್ತು ನಗು ಬರಲಿಲ್ಲ. ಕಣ್ಣು ರಶೀದಾಬೇಗಂ ಅವರ ಎಡಗೈ ಮಣಿಕಟ್ಟಿನ ಪಟ್ಟಿಯ ಮೇಲೆ ನಿಂತಿತ್ತು.

ಇಷ್ಟೆಲ್ಲಾ ಆದದ್ದು ಆ ಕೈಯಿಂದಲೇ. ಇಪ್ಪತ್ತು ದಿನದ ಹಿಂದೆ ಬಚ್ಚಲದಲ್ಲಿ ವಾಷಿಂಗ್ ಮಷೀನು ಮುಟ್ಟಿದ್ದೇ ತಡ, ಕರೆಂಟು ಹೊಡೆದು ಇವರು ಬಿದ್ದಿದ್ದರು. ಎದ್ದವರೇ ಶಹಾಬಾದಿನ ಓಣಿ ಓಣಿಯಲ್ಲಿ ಒಂದೇ ಮಾತು ಹೇಳಿದ್ದರು: 'ಆ ಮಜೀದಸಾಬ ಮಾಡಿದ ವೈರಿಂಗ್ ನನ್ನ ಜೀವಾ ತೆಗೀತಿತ್ತು.' ಮಾತು ರೈಲಿಗಿಂತ ಮೊದಲು ಮಜೀದಸಾಬರ ಊರು ವಾಡಿ ಮುಟ್ಟಿತು. ಅಲ್ಲಿ ಹೊಸ ಶಾದಿಮಹಲ್ ಕಟ್ಟುತ್ತಿದ್ದರು. ಅದರ ವೈರಿಂಗು ಮಜೀದಸಾಬರಿಗೇ ಅಂತ ಎಲ್ಲರೂ ತಿಳಿದಿದ್ದಾಗ, ಕಮಿಟಿಯ ಅಮೀರ್ ಅಲಿ, "ನೋಡೂಣು ಚಾಚಾ, ಜುಮ್ಮಾ ದಿನ ಕುಂತು ಮಾತಾಡೂಣು," ಅಂದುಬಿಟ್ಟರು. ಅವತ್ತಿನಿಂದ ಮಜೀದಸಾಬರು ಚಹಾ ಅಂಗಡಿಯ ಕಡೆ ಹಾಯಲಿಲ್ಲ. ನಲವತ್ತು ವರ್ಷ ಊರೂರಿಗೆ ಬೆಳಕು ಕೊಟ್ಟ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿಕೊಂಡುಬಿಟ್ಟರು.

ಅವರ ಮಗಳು ಜಬೀನಾ. ಶಹಾಬಾದಿನಿಂದ ಫೋನು ಬಂದಾಗ ಇದೇ ಮನೆ ಅಂತ ತಿಳಿದೇ ಹೊರಟುಬಂದಿದ್ದಳು. ಅಬ್ಬಾನಿಗೆ ಹೇಳಿರಲಿಲ್ಲ.

"ಯಾವ ಊರಾಕಿ, ಯಾರ ಪೈಕಿ ಅವ್ವ ನೀ?" ರಶೀದಾಬೇಗಂ ಕೇಳಿಯೇಬಿಟ್ಟರು.

ಅಷ್ಟರಲ್ಲಿ ಒಳಗಿನಿಂದ ಒಬ್ಬ ಎತ್ತರದ ಹುಡುಗ ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ ಬಂದ. "ಅಮ್ಮಿ, ಮೊದಲ ಒಳಗ ಬರಗೊಡು. ನಿಕಾ ಮಾತಾಡಾಕ ಬಂದಾರೇನು, ಪೈಕಿ ಕೇಳಾಕತ್ತೀದಿ?"

ಅಂದ ಮೇಲೆ ತಾನು ಏನಂದೆ ಅಂತ ಅವನಿಗೇ ಹೊಳೆದು, ಕಿವಿ ಕೆಂಪಾದವು. ಜಬೀನಾ ನೆಲ ನೋಡಿದಳು. ತುಟಿಯ ಮೂಲೆ ಮಾತ್ರ ಆಕೆಯ ಮಾತು ಕೇಳಲಿಲ್ಲ.

ಅವನೇ ಶಾಕೀರ, ಮನೆಯ ಒಬ್ಬನೇ ಮಗ. ಫೋನು ಮಾಡಿದವನೂ ಅವನೇ.

ಬಚ್ಚಲು ಹಳೆಯ ಕಾಲದ್ದು. ಕೆಳಗೆ, ಗೋಡೆಗೆ, ಮೇಲೆ, ಎಲ್ಲಾ ಕಡೆ ಊರಿನದೇ ಕಲ್ಲು. ಮಷೀನಿನ ಹಿಂದೆ ನೀರಿನ ಹಸಿಗೆ ಉಬ್ಬಿದ ಕಟ್ಟಿಗೆಯ ಬೋರ್ಡು, ಅದರ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಸಾಕೆಟ್ಟು. ಜಬೀನಾ ಮೀಟರಿನ ಕಡೆ ಹೋಗಿ ಮೇನ್ ಆಫ್ ಮಾಡಿ, ಫ್ಯೂಜ್ ಕಿತ್ತು ತನ್ನ ಕಿಸೆಗೆ ಹಾಕಿಕೊಂಡಳು.

"ಅದನ್ಯಾಕ ಕಿಸೆದಾಗ?" ಶಾಕೀರ ಕೇಳಿದ.

"ನಾ ಒಳಗ ಕೈ ಹಾಕಿದಾಗ ಯಾರರೆ ಫ್ಯಾನ್ ಬೇಕು ಅಂತ ಹಾಕಿಬಿಟ್ರ? ನನ್ನ ಜೀವಾ ನನ್ನ ಕಿಸೆದಾಗ ಇರ್ಲಿ."

"ನನಗೂ ಅಷ್ಟು ತಿಳೀತದ್ರಿ. ನಾ ಚಿತ್ತಾಪುರ ಕಾಲೇಜಿನಾಗ ಫಿಸಿಕ್ಸ್ ಲೆಕ್ಚರರ್."

"ಹೌದಾ? ಹಂಗಾರ ಟಾರ್ಚ್ ಸೀದಾ ಹಿಡೀಲಿಕ್ಕೆ ಬರ್ತಿರಬೇಕು. ಹಿಡೀರಿ."

ಅವನು ನಕ್ಕು ಮೊಬೈಲಿನ ಟಾರ್ಚ್ ಹಿಡಿದ. ಆಕೆ ಮೊಣಕಾಲೂರಿ ಕೂತು ದುಪಟ್ಟಾ ಸೊಂಟಕ್ಕೆ ಬಿಗಿದಳು. ಮೊದಲ ಸ್ಕ್ರೂ ತುಕ್ಕು ಹಿಡಿದಿತ್ತು, ಎರಡನೇದು ತಿರುಗಿತು. ಬೆಳಕು ಬೋರ್ಡಿನಿಂದ ಜಾರಿ ಆಕೆಯ ಬೆರಳಿಗೆ ಬಂತು, ಬೆರಳಿನಿಂದ ಮುಂಗೈಗೆ, ಅಲ್ಲಿಂದ ಕಿವಿಯ ಸಣ್ಣ ಓಲೆಗೆ ಬಂದು ಅಲ್ಲೇ ನಿಂತಿತು.

"ಸರ್, ಬೋರ್ಡ್ ಆ ಕಡೆ ಅದ."

"ಸಾರಿ ರಿ. ಕೈ ಸೋತಿತ್ತು."

"ಎರಡು ಮಿನಿಟಿಗೇ?"

ಅವನು ಮುಖ ತಿರುಗಿಸಿ ಟಾರ್ಚನ್ನು ಎರಡೂ ಕೈಯಲ್ಲಿ ಹಿಡಿದ. ಅವನು ಹಿಡಿದ ರೀತಿ ಆಕೆಗೆ ಇಷ್ಟವಾಯಿತು. ಇಷ್ಟವಾದದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು. ತಾನು ಯಾರ ಮನೆಯಲ್ಲಿ ಕೂತಿದ್ದೇನೆ?

ಅಡುಗೆಮನೆಯಿಂದ ರಶೀದಾಬೇಗಂ ಕೂಗಿದರು. "ನೋಡವ್ವ ಬೇಟಿ, ಆ ಮಜೀದಸಾಬ ಏನ್ ಹಾಳ್ ಮಾಡಿಟ್ಟಾನ ನೋಡು! ಹೊಸಾದ್ರಾಗ ಚೊಲೋನೇ ಇತ್ತು. ಕಡೀಗಿ ನನ್ನ ಕೈ ತಿಂತು!"

ಜಬೀನಾ ನಾಲ್ಕನೇ ಸ್ಕ್ರೂ ಬಿಚ್ಚಿದಳು. ಬಸ್ಸಿನಲ್ಲಿ ಬರುವಾಗ ಎದೆ ಸೆಟೆಸಿಕೊಂಡು ಬಂದಿದ್ದಳು, ನಮ್ಮ ಅಬ್ಬಾನ ಕೆಲಸ ಹಂಗ ಇರಾಂಗೇ ಇಲ್ಲ ಅಂತ. ಈಗ, ಬೋರ್ಡು ಕೈಯಲ್ಲಿ ಬಂದಾಗ, ಒಂದು ಕ್ಷಣ ಕಣ್ಣು ಮುಚ್ಚಿದಳು. ಒಂದು ವೇಳೆ ತಪ್ಪು ಅವರದೇ ಇದ್ದರೆ?

ಕಣ್ಣು ತೆರೆದಳು.

ಬೋರ್ಡಿನ ಹಿಂದೆ ಹಳೆಯ ವೈರುಗಳು ಜಡೆ ಹಾಕಿದ ಹಾಗೆ ಸಾಲಾಗಿ ಬಂದಿದ್ದವು. ಪ್ರತಿ ಜಾಯಿಂಟಿನ ಮೇಲೆ ಟೇಪು, ಟೇಪಿನ ಕೆಳಗೆ ಸುತ್ತಿದ ಕೆಂಪು ದಾರ. ಟೇಪು ಬಿಟ್ಟರೂ ಜಾಯಿಂಟು ಬಿಡಬಾರದು ಅಂತ ಮಜೀದಸಾಬರು ದಾರ ಸುತ್ತುತ್ತಿದ್ದರು. ಜಿಲ್ಲೆಯಲ್ಲಿ ಮತ್ತೊಬ್ಬರು ಹಾಗೆ ಮಾಡುವುದನ್ನು ಆಕೆ ನೋಡಿರಲಿಲ್ಲ. ಮೂವತ್ತು ವರ್ಷವಾದರೂ ಒಂದು ಸುತ್ತು ಸಡಿಲವಾಗಿರಲಿಲ್ಲ.

ಅದರ ಬಾಜೂ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗಿನ ಹಸಿರು ವೈರು ಸುರುಳಿ ಸುತ್ತಿಕೊಂಡು ಸುಮ್ಮನೆ ಕೂತಿತ್ತು. ಯಾವುದಕ್ಕೂ ಜೋಡಿಸಿರಲಿಲ್ಲ. ಎಳೆದು ನೋಡಿದಳು. ಸಾಕೆಟ್ಟಿನ ಮೇಲಿನ ತೂತಿಗೆ ಎರಡು ಬೆರಳು ಗಿಡ್ಡವಾಗಿತ್ತು. ಅದರ ಬದಲು ಯಾರೋ ಆ ತೂತಿನಿಂದ ಕರೆಂಟು ಹಿಂದಿರುಗುವ ನ್ಯೂಟ್ರಲ್ ತೂತಿಗೆ ಒಂದು ಚೋಟುದ್ದ ಕಪ್ಪು ವೈರಿನ ತುಂಡು ಹಾಕಿದ್ದರು. ಗೋಡೆಯಿಂದ ಬಂದ ನ್ಯೂಟ್ರಲ್ ವೈರಿನ ತುದಿ ಸುಟ್ಟು ಸಾಕೆಟ್ಟಿನಿಂದ ಕಳಚಿತ್ತು.

ಜಬೀನಾ ಹಿಮ್ಮಡಿಯ ಮೇಲೆ ಕೂತಳು. ಇಪ್ಪತ್ತು ದಿನದಿಂದ ಹಿಡಿದಿಟ್ಟ ಉಸಿರು ಈಗ ಹೊರಬಂತು.

"ಸರ್, ಈ ಸಾಕೆಟ್ ಯಾರು ಹಾಕಿದ್ದು?"

"ಯಾಕ್ರಿ?"

"ಹಳೇ ವೈರಿಂಗ್ ಮಾಡಿದವರು ಹಾಕಿದ್ದಲ್ಲ ಇದು. ಎರಡು ವರ್ಷದ ಮಾಲು."

ಟಾರ್ಚಿನ ಬೆಳಕು ನಿಧಾನಕ್ಕೆ ನೆಲಕ್ಕೆ ಇಳಿಯಿತು. "ಅದು... ಮಷೀನ್ ತಂದಾಗ ಹಳೇದು ಸುಟ್ಟಿತ್ತು. ನಾನೇ ಹಾಕಿದ್ದೆ."

"ಈ ಕಪ್ಪು ತುಂಡು?"

"ಹೊಸ ಸಾಕೆಟ್ ದೊಡ್ಡದಿತ್ತು, ಹಸಿರು ವೈರು ಮುಟ್ಟಲಿಲ್ರಿ. ನ್ಯೂಟ್ರಲ್ ಹೆಂಗಿದ್ರೂ ಟ್ರಾನ್ಸ್‌ಫಾರ್ಮರ್ ಹತ್ರ ಭೂಮಿಗೇ ಹೋಗ್ತದ. ಇದೂ ಭೂಮಿಗೇ ಹೋಗ್ತದ. ಕಡೀಗಿ ಎರಡೂ ಒಂದೇ ಅಲ್ಲೇನು ಅಂತ..."

"ಪುಸ್ತಕದಾಗ ಒಂದೇ ಸರ್. ಪುಸ್ತಕದಾಗ ನ್ಯೂಟ್ರಲ್ ಕಡಿಯಂಗಿಲ್ಲ. ಮನ್ಯಾಗ ಕಡೀತದ. ಕಡಿದ ಕೂಡ್ಲೆ ಮಷೀನಿಗೆ ಬಂದ ಕರೆಂಟು ಈ ತುಂಡಿನ ಗುಂಟ ಅದರ ಮೈಗೇ ಬರ್ತದ. ಅಲ್ಲಿಂದ ನಿಮ್ಮ ಅಮ್ಮಿ ಕೈಗೆ."

ಶಾಕೀರ ಗೋಡೆಗೆ ಆನಿಕೊಂಡ. "ಅಮ್ಮಿ ಬಿದ್ದದ್ದು ನನ್ನಿಂದ," ಅಂದ. "ಕೆಟ್ಟ ಹೆಸರು ಬಂದದ್ದು ಆ ಮುದುಕ ಮನುಷ್ಯಾಗ."

"ಆ ಮುದುಕ ಮನುಷ್ಯಾನ ಮಗಳು ನಾನು."

ಆಕೆ ಅದನ್ನು ಕೂಗಿ ಹೇಳಲಿಲ್ಲ. ತಲೆ ಎತ್ತಿ, ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

ಕೆಲಸ ಅರ್ಧಕ್ಕೆ ಬಿಡುವುದು ಅವರ ಮನೆತನದಲ್ಲಿರಲಿಲ್ಲ. ಅರ್ತಿಂಗಿನ ಗಿಡ್ಡ ವೈರಿಗೆ ತುಂಡು ಜೋಡಿಸುವುದೂ ಇರಲಿಲ್ಲ. ಹಿತ್ತಲಿನ ಅರ್ತಿಂಗ್ ಗುಂಡಿಯಿಂದ ಬಚ್ಚಲದವರೆಗೆ ಅಖಂಡ ಹೊಸ ಹಸಿರು ವೈರು ಎಳೆಯಬೇಕು. ಶಾಕೀರನನ್ನು ಹಿತ್ತಲಿಗೆ ಕಳಿಸಿದಳು. ಗೋಡೆಯ ಆ ಕಡೆ ಅವನು ಪೈಪಿಗೆ ವೈರು ತೂರಬೇಕು, ಈ ಕಡೆ ಆಕೆ ಎಳೆಯಬೇಕು. ನಡುವೆ ಕಲ್ಲಿನ ಗೋಡೆ, ಒಂದು ಸಣ್ಣ ತೂತು.

"ಬಿಡ್ರಿ... ಸಾವಕಾಶ... ನಿಂದರ್ರಿ."

"ಜಬೀನಾ," ತೂತಿನಿಂದ ಅವನ ದನಿ ಬಂತು. ಫೋನಿನಲ್ಲಿ ಅಂದಿದ್ದ 'ಮೇಡಂ' ಈಗ ಇರಲಿಲ್ಲ.

"ಏನ್ರಿ?"

"ನನಗ ಭಾಳ ನಾಚಿಕಿ ಆಗ್ಯಾದ. ನಿಮ್ಮ ಮುಖಾ ನೋಡಿ ಹೇಳಲಿಕ್ಕೆ ಆಗಲಿಲ್ಲ. ಮಾಫ್ ಮಾಡ್ರಿ."

ಆಕೆಯ ಕೈಯಲ್ಲಿ ವೈರು ಬಿಗಿಯಾಗಿತ್ತು. ಆ ತುದಿಯಲ್ಲಿ ಅವನ ಕೈ ಹಿಡಿದದ್ದು ಈ ತುದಿಯಲ್ಲಿ ತಿಳಿಯುತ್ತಿತ್ತು.

"ಗೋಡಿಗೆ ಹೇಳಿದ ಮಾಫಿ ನಮ್ಮ ಅಬ್ಬಾಗ ಮುಟ್ಟಂಗಿಲ್ರಿ," ಅಂದಳು. ದನಿ ತಾನು ಅಂದುಕೊಂಡಷ್ಟು ಗಡುಸಾಗಿ ಬರಲಿಲ್ಲ. "ಅವರ ಹೆಸರು ನಾಲ್ಕು ಮಂದಿ ನಡುವ ಹೋಗ್ಯಾದ. ಎಲ್ಲಿ ಹೋಗ್ಯಾದ, ಅಲ್ಲೇ ಬರಬೇಕು. ಜುಮ್ಮಾ ದಿನ ಸಂಜಿ ಅಸರ್ ನಮಾಜ್ ಆದಮ್ಯಾಲೆ ಶಾದಿಮಹಲದಾಗ ಕಮಿಟಿ ಕೂಡ್ತದ. ಈಗ ಬಿಡ್ರಿ, ಇನ್ನೊಂದು ಗೇಣು."

ವೈರು ಬಂತು. ಆಕೆ ಅದನ್ನು ಹೊಸ ಸಾಕೆಟ್ಟಿಗೆ ಜೋಡಿಸಿದಳು.

ಶುಕ್ರವಾರ ಮಜೀದಸಾಬರನ್ನು ಎಬ್ಬಿಸಿ ಕರೆದೊಯ್ಯುವುದೇ ದೊಡ್ಡ ಕೆಲಸವಾಯಿತು. "ಇಲ್ಲ ಅನಿಸಿಕೊಳ್ಳಾಕ ನಾ ಯಾಕ ಹೋಗ್ಲಿ ಬೇಟಿ?" ಅಂದರು. "ತಪ್ಪು ಮಾಡಿಲ್ಲ ಅಂದಮ್ಯಾಲೆ ತಲಿ ಎತ್ತಿ ಹೋಗೂಣು ಅಬ್ಬಾ," ಅಂದಳು ಜಬೀನಾ. ಬೋರ್ಡಿನೊಳಗೆ ತಾನು ಕಂಡದ್ದನ್ನು ಅವರಿಗೆ ಹೇಳಿದ್ದಳು. ತಾನೇ ಹೋಗಿ ಮಂದಿಗೆ ಹೇಳಬಹುದಿತ್ತು. ಆದರೆ ಮಗಳ ಬಾಯಿಂದ ಬಂದರೆ ಅದು ವಕಾಲತ್ತು ಆಗುತ್ತದೆ. ಶಾಕೀರನ ಬಾಯಿಂದಲೇ ಬರಬೇಕಿತ್ತು.

ಬರುತ್ತಾನೆಯೇ?

ಅರ್ಧ ಕಟ್ಟಿದ ಶಾದಿಮಹಲದಲ್ಲಿ ಹತ್ತು ಹನ್ನೆರಡು ಕುರ್ಚಿ. ಅಮೀರ್ ಅಲಿ ಕೆಮ್ಮಿ ಮಾತು ಶುರು ಮಾಡುವಷ್ಟರಲ್ಲಿ ಹೊರಗೆ ಆಟೋ ನಿಂತಿತು. ಮೊದಲು ರಶೀದಾಬೇಗಂ ಇಳಿದರು. ಹಿಂದೆ ಶಾಕೀರ.

ಅವನು ಕುರ್ಚಿಯಲ್ಲಿ ಕೂರಲಿಲ್ಲ. ನಡುವೆ ನಿಂತ. "ಸಲಾಂ. ನಮ್ಮ ಮನ್ಯಾಗ ಕರೆಂಟ್ ಹೊಡೆದದ್ದು ಮಜೀದ್ ಚಾಚಾರ ಕೆಲಸದಿಂದ ಅಲ್ಲ. ಅವರ ವೈರಿಂಗ್ ಇವತ್ತಿಗೂ ಹೊಸಾದ್ರಂಗ ಅದ. ಸಾಕೆಟ್ ಬದಲಿ ಮಾಡಿ ಅರ್ತಿಂಗ್ ಕೆಡಿಸಿದಾಂವ ನಾನು. ಫಿಸಿಕ್ಸ್ ಹೇಳಿಕೊಡ್ತೀನಿ ಅನ್ನೋ ಸೊಕ್ಕಿನಾಗ ತಪ್ಪು ಮಾಡೀನಿ."

ಹಿಂದಿನ ಕುರ್ಚಿಯಿಂದ ಯಾರೋ ನಕ್ಕರು. "ಇವರ ಕಡೇನೇ ನೋಡ್ರಿ ನಮ್ಮ ಹುಡುಗ್ರು ಕಲಿಯಾಕತ್ತಾರ!"

ಶಾಕೀರನ ಮುಖ ಕೆಂಪಾಯಿತು. ಆದರೂ ನಿಂತಲ್ಲೇ ನಿಂತ. "ಸೋಮವಾರ ಕ್ಲಾಸಿನಾಗೂ ಇದೇ ಹೇಳ್ತೀನ್ರಿ. ಅವರು ನನ್ನಂಗ ತಪ್ಪು ಮಾಡಬಾರದು."

ನಗು ಅಲ್ಲೇ ನಿಂತುಹೋಯಿತು.

ರಶೀದಾಬೇಗಂ ಮುಂದೆ ಬಂದರು. "ಭಾಯಿ, ಓಣಿ ತುಂಬ ನಾನೇ ಮಾತಾಡೀನಿ. ಈಗ ಓಣಿ ತುಂಬ ನಾನೇ ತಿರುಗಿ ಹೇಳ್ತೀನಿ. ಕಾಲು ಸೋತ್ರೂ ಚಿಂತಿಲ್ಲ."

ಮಜೀದಸಾಬರು ಕೇಳಿದ್ದು ಒಬ್ಬ ಮೇಸ್ತ್ರಿ ಕೇಳುವ ಪ್ರಶ್ನೆ. "ಈಗ ಮಷೀನ್ ಮುಟ್ಟಿದ್ರ ಜುಮ್ ಅಂತದೇನು?"

"ಇಲ್ರಿ ಚಾಚಾ. ಎಳ್ಳಷ್ಟೂ ಇಲ್ಲ."

"ಯಾರು ಸರಿ ಮಾಡಿದ್ದು?" ಗೊತ್ತಿದ್ದೂ ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

"ನಿಮ್ಮ ಮಗಳು."

ಗೋಡೆಗೆ ಮುಖ ಮಾಡಿ ಮಲಗಿದ್ದ ಮನುಷ್ಯ ಬೆನ್ನು ನೆಟ್ಟಗೆ ಮಾಡಿ ಕೂತರು. "ಕೇಳಿದ್ರೇನು ಅಮೀರ್ ಅಲಿ? ಕೆಲಸ ಕೊಡೋದಿದ್ರ ನನ್ನ ಒಬ್ಬಾನ ಹೆಸರಲೆ ಕೊಡಬ್ಯಾಡ್ರಿ. ಕಾಗದದ ಮ್ಯಾಲೆ ಮೊದಲ ಜಬೀನಾ ಅಂತ ಬರೀರಿ. ಕೆಳಗ ಮಜೀದಸಾಬ."

ಅಮೀರ್ ಅಲಿ ಪೆನ್ನು ತೆಗೆದರು.

ಮಂದಿ ಮಾತಿಗೆ ಹತ್ತಿದಾಗ ಜಬೀನಾ ಅಳತೆ ತೆಗೆಯುವ ನೆಪದಲ್ಲಿ ಮೆಟ್ಟಿಲ ಕಡೆ ಸರಿದಳು. ಕಣ್ಣು ಒರೆಸಿಕೊಳ್ಳುವುದಿತ್ತು. ಹಿಂದೆ ಹೆಜ್ಜೆ ಸಪ್ಪಳ ಬಂತು.

"ಇವತ್ತು ಗೋಡಿ ಇಲ್ಲ," ಅಂದ ಶಾಕೀರ. "ಮುಖಾ ನೋಡಿ ಹೇಳಾಕ ಬಂದೀನಿ."

"ಎಲ್ಲಾರ ಮುಂದ ಹೇಳಿದ್ರಲ್ಲ. ಇನ್ನೇನು ಉಳೀತು?"

"ಎಲ್ಲಾರ ಮುಂದ ಹೇಳಲಾರದ್ದು ಉಳಿದದ." ಅವನು ಒಂದು ಹೆಜ್ಜೆ ಮುಂದೆ ಬಂದ. "ನನ್ನ ತಪ್ಪು ಇಷ್ಟು ಸೀದಾ ಯಾರೂ ತೋರಿಸಿರಲಿಲ್ಲ. ನೀವು ತೋರಿಸಿದಾಗ ನನಗ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವತ್ತಿಂದ ನಿಮ್ಮ ಹೊರತು ಬ್ಯಾರೆ ಯಾವದೂ ತಲ್ಯಾಗ ನಿಂದರವಲ್ದು. ನನಗ ನೀವು ಬೇಕು ಜಬೀನಾ."

ಆಕೆ ಅವನನ್ನೇ ನೋಡಿದಳು. ನಗುವವರ ನಡುವೆ ಹಿಂದೆ ಸರಿಯದೆ ನಿಂತವನು ಈಗ ಆಕೆಯೊಬ್ಬಳ ಉತ್ತರಕ್ಕೆ ಕಾಯುತ್ತಿದ್ದ.

"ನಾ ಕೆಲಸ ಬಿಡಂಗಿಲ್ರಿ. ಯಾರ ಮನಿಗೆ ಸೊಸಿ ಆಗಿ ಹೋದ್ರೂ."

"ಬಿಟ್ರ ನಾ ಊರ ಮಂದಿಗೆ ಏನಂತ ಹೆಮ್ಮಿ ಪಡ್ಲಿ?"

ಜಬೀನಾಳಿಗೆ ಈಗ ನಗು ಬಂತು, ತಡೆಯುವ ಕಾರಣವೂ ಇರಲಿಲ್ಲ. "ಐತವಾರ ಅಮ್ಮಿನ ಕರಕೊಂಡು ನಮ್ಮ ಮನಿಗೆ ಬರ್ರಿ. ಅಬ್ಬಾ ಏನಂತಾರೋ ನನಗ ಗೊತ್ತಿಲ್ಲ. ನನ್ನ ಕೇಳಿದ್ರ, ನಾ ಹೂಂ ಅಂತೀನಿ."

ಅಷ್ಟು ಹೇಳಿ ತಿರುಗಿದವಳೇ ಗೋಡೆಗೆ ಅಳತೆಯ ಟೇಪು ಹಿಡಿದು, ಶಾದಿಮಹಲದ ಮೊದಲ ಬೋರ್ಡಿನ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದಳು. ಆರು ವರ್ಷದಲ್ಲಿ ಮೊದಲ ಸಲ ಗೆರೆ ಸೊಟ್ಟ ಬಂತು. ಅವನು ಹಿಂದೆ ನಿಂತು ನೋಡುತ್ತಿದ್ದಾನೆ ಅಂತ ಗೊತ್ತಿತ್ತು. ಅಂಗೈಯಿಂದ ಒರೆಸಿ ಮತ್ತೊಮ್ಮೆ ಎಳೆದಳು. ಎರಡನೇದು ಹೇಗೆ ಬರಬೇಕೋ ಹಾಗೇ ಬಂತು.